ಹಾಡುವ ಪೆಟ್ಟಿಗೆ

ಮಕ್ಕಳೇ, ನೀವು ಟೇಪ್ ರೆಕಾರ್ಡರ್ ನೋಡಿದ್ದೀರಾ? ಈಗ ಹಾಡು ಕೇಳಲು, ಧ್ವನಿ ಮುದ್ರಿಸಲು ಮನೆಯಲ್ಲಿ ಒಂದು ಮೊಬೈಲ್ ಇದ್ದರೆ ಸಾಕು. ನಾನು ಕಲಿಯುವಾಗ ಹಾಗಿರಲಿಲ್ಲ. ಫಿಲಿಪ್ಸ್ ಕಂಪನಿಯವರು 1963ರಲ್ಲಿ ಅಂಗೈಯಷ್ಟು ಚಿಕ್ಕ ಕ್ಯಾಸೆಟ್ ಹೊರತಂದರು. ಅದರೊಳಗೆ ಕಂದು ಬಣ್ಣದ ತೆಳುವಾದ ಪಟ್ಟಿ. ಅದು ಸೆಕೆಂಡಿಗೆ ಸುಮಾರು ಐದು ಸೆಂಟಿಮೀಟರ್ ಸರಿಯುತ್ತ ಹಾಡುತ್ತಿತ್ತು.

ನಮ್ಮೂರು ಅಕ್ಕಲಕೋಟ ತಾಲ್ಲೂಕಿನ ಒಂದು ಹಳ್ಳಿ. ನನ್ನ ಅಜ್ಜಿಗೆ ಬೀಸುವ ಪದಗಳು ಬಹಳ ಬರುತ್ತಿದ್ದವು. ಅವನ್ನು ಟೇಪಿನಲ್ಲಿ ಹಿಡಿದಿಡಬೇಕೆಂಬುದು ನನ್ನ ಆಸೆ. 1991ರ ಜನವರಿಯಲ್ಲಿ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಗೆ ಹೋದೆ. ನಂದಿಧ್ವಜಗಳ ಮೆರವಣಿಗೆ ನೋಡಿದೆ. ಆಮೇಲೆ ಹಳೆಯ ಸಾಮಾನು ಮಾರುವ ಅಂಗಡಿಯೊಂದನ್ನು ಹೊಕ್ಕೆ.

"ಹೊಸಾದರಂಗ ಐತಿ ನೋಡು ತಮ್ಮಾ. ಒಬ್ಬ ಮಾಸ್ತರು ಬಳಸಿದ್ದು. ಒಂದು ದಿನಾನೂ ಕೆಟ್ಟಿಲ್ಲ" ಎಂದ ಅಂಗಡಿಯವ.

ಒಂದು ಹಾಡನ್ನೂ ಹಾಕಿದ. ಧ್ವನಿ ಗಂಟೆಯಂತೆ ಸ್ಪಷ್ಟ! ಮಾಸ್ತರರ ಹೆಸರು ಕೇಳಿಯೇ ನಾನು ನಂಬಿಬಿಟ್ಟಿದ್ದೆ. ನಾನೂ ಆಗ ಮಾಸ್ತರನಾಗಲು ಓದುತ್ತಿದ್ದೆನಲ್ಲ! ಕೂಡಿಟ್ಟಿದ್ದ 350 ರೂಪಾಯಿ ಎಣಿಸಿಕೊಟ್ಟೆ.

ಅಂದು ರಾತ್ರಿ ಅಜ್ಜಿ ಬೀಸುವ ಕಲ್ಲಿನ ಮುಂದೆ ಕುಳಿತು ಅರ್ಧ ಗಂಟೆ ಹಾಡಿದಳು. ಮನೆಯವರೆಲ್ಲ ಉಸಿರು ಬಿಗಿಹಿಡಿದು ಕುಳಿತಿದ್ದರು. ಕ್ಯಾಸೆಟ್ ತಿರುಗಿಸಿ ಹಾಕಿದರೆ ಬರೀ ಸುಂಯ್ ಎಂಬ ಸದ್ದು.

"ನನ್ನ ದನಿ ಅದರಾಗ ಹೋಗಲಿಲ್ಲೇನೋ ತಮ್ಮಾ?" ಎಂದು ಅಜ್ಜಿ ಕೇಳಿದಳು.

ಅಕ್ಕಲಕೋಟದಲ್ಲಿ ರಿಪೇರಿ ಮಾಡುವವರು ಪೆಟ್ಟಿಗೆ ಬಿಚ್ಚಿ ನೋಡಿದರು. ಒಳಗಿನ ಮೈಕ್ ಸತ್ತಿತ್ತು. "ಹಾಡು ಕೇಳಾಕ ಸ್ಪೀಕರ್ ಸಾಕು. ನಿಮ್ಮ ದನಿ ಹಿಡೀಬೇಕಂದ್ರ ಮೈಕ್ ಬೇಕು. ಇದು ಹಾಡತೈತಿ, ಕೇಳಂಗಿಲ್ಲ" ಎಂದರು. ಬೇರೆ ಮೈಕ್ ಹಾಕಿಸಲು ಕೈಯಲ್ಲಿ ಹಣವಿರಲಿಲ್ಲ. ಹಣ ಕೂಡಿಸಿ ಹಾಕಿಸುವಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು.

ಅಂಗಡಿಯವನ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಆದರೆ ಅವನೂ ಹಾಡು ಹಾಕಿಯಷ್ಟೇ ನೋಡಿದ್ದಿರಬಹುದು. ನಾನಾದರೂ ಒಂದು ಖಾಲಿ ಕ್ಯಾಸೆಟ್ ಒಯ್ಯಬಹುದಿತ್ತು. "ಒಂದು, ಎರಡು, ಮೂರು" ಎಂದು ಹೇಳಿ, ಅಲ್ಲೇ ತಿರುಗಿ ಕೇಳಬಹುದಿತ್ತು. ಎರಡು ನಿಮಿಷದ ಕೆಲಸ.

2002ರಲ್ಲಿ ಆ ಟೇಪನ್ನು ನಾನೇ ಮಾರಲು ಹೊರಟೆ. ಭಜನಾ ಮಂಡಳಿಯ ಹುಡುಗನೊಬ್ಬ ಕೊಳ್ಳಲು ಬಂದ. "ಮೈಕ್ ಚೆನ್ನಾಗಿದೆ. ಆದರೆ ಕ್ಯಾಸೆಟ್ ಹಿಂದಕ್ಕೆ ಸುತ್ತುವಾಗ ಒಮ್ಮೊಮ್ಮೆ ನಿಲ್ಲುತ್ತದೆ. ಆಗ ಪೆನ್ಸಿಲಿನಿಂದ ಸುತ್ತಬೇಕು" ಎಂದೆ.

"ಆಗಲಿ ಸರ್" ಎಂದವನೇ ಜೇಬಿನಿಂದ ಖಾಲಿ ಕ್ಯಾಸೆಟ್ ತೆಗೆದ! ನಾನು ಇಷ್ಟು ಹೇಳಿದ ಮೇಲೂ ಪರೀಕ್ಷೆಯೇ ಎಂದು ಒಂದು ಕ್ಷಣ ಮುಖ ಸಣ್ಣದಾಯಿತು. ಅವನು ಮೈಕಿನ ಹತ್ತಿರ ಬಾಗಿ ಭಜನೆಯ ಒಂದು ನುಡಿ ಹಾಡಿದ. ಹಿಂದಕ್ಕೆ ಸುತ್ತಲು ಗುಂಡಿ ಒತ್ತಿದ. ಕ್ಯಾಸೆಟ್ ಅರ್ಧಕ್ಕೇ ನಿಂತಿತು.

ಇಬ್ಬರೂ ನಕ್ಕೆವು. ನಾನು ಒಳಗೆ ಹೋಗಿ ಪೆನ್ಸಿಲ್ ತಂದುಕೊಟ್ಟೆ.