ಬಟನ್ ಒತ್ತುವ ಬೆರಳು

ವಿಡಿಯೊ ಗೇಮ್ ಆಡುವ ಮುಸ್ಲಿಂ ಯುವಕನಿಗೆ ಎದುರಾಗುವ ಸಲ್ಲದ ಸಂಗತಿಗಳಲ್ಲಿ ಎರಡು ಬಗೆ: ಕಣ್ಣಿಗೆ ಬೀಳುವಂಥವು, ಕೈಯಾರೆ ಮಾಡಬೇಕಾಗಿ ಬರುವಂಥವು. ಸಿನಿಮಾದಲ್ಲಿ ಮೊದಲನೆಯದಷ್ಟೇ ಇದೆ. ಅಲ್ಲಿ ಖಳನಾಯಕ ಕುಡಿದರೆ ಪಾಪ ಅವನದು. ಗೇಮಿನಲ್ಲಿ ಕುಡಿಯುವ ಬಟನ್ ಒತ್ತುವುದು ಆಡುವವನ ಬೆರಳೇ.

ಕಾಣುವುದರ ಮಟ್ಟಿಗೆ ದಾರಿ ಹೆಚ್ಚುಕಡಿಮೆ ಸ್ಪಷ್ಟವಾಗಿದೆ. ಕುರ್‌ಆನಿನ 24ನೇ ಅಧ್ಯಾಯ ಮೊದಲು ಗಂಡಸರಿಗೆ, ಆಮೇಲೆ ಹೆಂಗಸರಿಗೆ ದೃಷ್ಟಿ ತಗ್ಗಿಸಲು ಹೇಳುತ್ತದೆ. ಪರದೆಯ ಮೇಲಿನ ಅರೆಬೆತ್ತಲೆ ಹೆಣ್ಣು ಬರೀ ಗ್ರಾಫಿಕ್ಸ್ ಎಂಬ ವಾದ ಉಸ್ತಾದರ ಮುಂದೆ ಹೆಚ್ಚು ಹೊತ್ತು ನಿಲ್ಲದು. ಅಮೆರಿಕದಲ್ಲಿ 1994ರಿಂದ ಇರುವ ಇಎಸ್‌ಆರ್‌ಬಿ, ಯುರೋಪಿನಲ್ಲಿ 2003ರಲ್ಲಿ ಬಂದ ಪೆಗಿ ರೇಟಿಂಗ್‌ಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ರಕ್ತ, ನಗ್ನತೆ, ಬೈಗುಳ, ಮಾದಕ ವಸ್ತು ಎಲ್ಲವನ್ನೂ ಅವು ಮೊದಲೇ ತಿಳಿಸುತ್ತವೆ. ಕೆಲವು ಗೇಮ್‌ಗಳ ಸೆಟ್ಟಿಂಗ್‌ನಲ್ಲೇ ಉಪಾಯವೂ ಉಂಟು. 'ಸೈಬರ್‌ಪಂಕ್ 2077'ರಲ್ಲಿ ನಗ್ನತೆಯನ್ನು ಮರೆಮಾಡಬಹುದು. 2009ರ 'ಮಾಡರ್ನ್ ವಾರ್‌ಫೇರ್ 2'ರಲ್ಲಿ ವಿಮಾನ ನಿಲ್ದಾಣದ ಹತ್ಯಾಕಾಂಡದ ಘಟ್ಟವನ್ನು ಬೇಡವೆಂದು ದಾಟಿ ಹೋಗಬಹುದು.

ರೇಟಿಂಗ್ ಮಂಡಳಿಗಳು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಸಂಗತಿಯಿದೆ. ಅದು ಶಿರ್ಕ್, ಅಂದರೆ ಅಲ್ಲಾಹನ ಜೊತೆ ಬೇರೊಬ್ಬರನ್ನು ಆರಾಧನೆಯಲ್ಲಿ ಸೇರಿಸುವುದು. ಇಸ್ಲಾಮಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. 2020ರ ಜೂನ್‌ನಲ್ಲಿ ಪಬ್ಜಿ ಮೊಬೈಲ್‌ಗೆ ಕಾಡಿನ ಹೊಸ ಮೋಡ್ ಬಂತು. ಅದರಲ್ಲಿ ಅಲ್ಲಲ್ಲಿ ಕೆತ್ತಿದ ಕಂಬಗಳಂಥ ಮೂರ್ತಿಗಳು. ಹತ್ತಿರ ಹೋಗಿ ಬಟನ್ ಒತ್ತಿದರೆ ಆಟಗಾರನ ಬೊಂಬೆ ಮೂರ್ತಿಯ ಮುಂದೆ ಪ್ರಾರ್ಥಿಸುತ್ತಿತ್ತು; ಪ್ರತಿಯಾಗಿ ಏನಾದರೊಂದು ಲಾಭ ಸಿಗುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಗುಂಡು ಹಾರಿಸಿ ಜನರನ್ನು ಕೆಡವುತ್ತಿದ್ದ ಹುಡುಗರೇ ಈ ಮೂರ್ತಿಯೆದುರು ತಡೆದು ನಿಂತರು. ಕುವೈತ್, ಸೌದಿ ಅರೇಬಿಯಾಗಳಲ್ಲಿ ವಿರೋಧ ಎದ್ದಿತು. ಕಂಪನಿ ಆ ಭಾಗವನ್ನು ತೆಗೆದು ಕ್ಷಮೆ ಕೇಳಿತು. ಹೊರಗಿನವರಿಗೆ ಇದು ತಲೆಕೆಳಗಾದ ನ್ಯಾಯದಂತೆ ಕಂಡೀತು. ಆದರೆ ಕೊಲೆ ತಪ್ಪೆಂದು ಎಲ್ಲರಿಗೂ ಗೊತ್ತಿರುವುದರಿಂದಲೇ ಅದು ಆಟವಾಗಿ ಉಳಿಯುತ್ತದೆ. ಪ್ರಾರ್ಥನೆಯ ಭಂಗಿ ಹಾಗಲ್ಲ, ದಿನಕ್ಕೆ ಐದು ಹೊತ್ತು ಅದೇ ಮೈ ನಿಜವಾಗಿ ಮಾಡುವಂಥದ್ದು.

ಬೊಂಬೆ ಪ್ರಾರ್ಥಿಸಿತೇ ಹೊರತು ತಾನಲ್ಲ ಎನ್ನುವವರೂ ಇದ್ದಾರೆ. ಕರ್ಮಗಳು ನಿಯ್ಯತ್ತನ್ನು, ಅಂದರೆ ಸಂಕಲ್ಪವನ್ನು ಅವಲಂಬಿಸಿವೆ ಎಂಬ, ಬುಖಾರಿ ಸಂಗ್ರಹದ ಮೊದಲ ಹದೀಸೇ ಅವರಿಗೆ ಆಧಾರ. ಪ್ರವಾದಿಯವರ ಪತ್ನಿ ಆಯಿಷಾ ಅವರ ಬಳಿ ರೆಕ್ಕೆಯಿದ್ದ ಆಟಿಕೆ ಕುದುರೆಯೊಂದಿತ್ತು, ಅದನ್ನು ಕಂಡು ಪ್ರವಾದಿಯವರು ನಕ್ಕರು ಎಂಬ ಅಬೂದಾವೂದ್ ಸಂಗ್ರಹದ ಹದೀಸನ್ನೂ ಮುಂದಿಡುತ್ತಾರೆ. ವಾದ ಹಗುರವಾದದ್ದೇನಲ್ಲ. ಗ್ರೀಕ್ ದೇವತೆಗಳನ್ನು ಒಬ್ಬೊಬ್ಬರನ್ನಾಗಿ ಕೊಲ್ಲುವ 'ಗಾಡ್ ಆಫ್ ವಾರ್' ಆಡಬಹುದೇ ಎಂಬಲ್ಲಿ ಮಾತ್ರ ಅದು ತೊಡಕಾಗುತ್ತದೆ: ಕೊಲ್ಲಬೇಕಾದರೆ ಮೊದಲು ಅವರಿದ್ದಾರೆಂದು ಒಪ್ಪಬೇಕಲ್ಲ!

ಪವಿತ್ರ ವಚನಗಳ ವಿಚಾರದಲ್ಲಿ ಇಷ್ಟು ಗೊಂದಲವಿಲ್ಲ. 2021ರ ನವೆಂಬರ್‌ನಲ್ಲಿ 'ಕಾಲ್ ಆಫ್ ಡ್ಯೂಟಿ: ವ್ಯಾನ್‌ಗಾರ್ಡ್'ನ ಜೊಂಬಿ ಮೋಡ್‌ನಲ್ಲಿ ಕುರ್‌ಆನಿನ ಹಾಳೆಗಳು ನೆಲದ ಮೇಲೆ ಬಿದ್ದಿರುವುದು ಕಂಡಾಗ ಕಂಪನಿ ಕೂಡಲೇ ಅಳಿಸಿ ಕ್ಷಮೆ ಯಾಚಿಸಿತು. 2008ರ 'ಲಿಟಲ್ ಬಿಗ್ ಪ್ಲಾನೆಟ್' ಪ್ರಕರಣ ಬೇರೆ. ಕುರ್‌ಆನಿನ ಸಾಲುಗಳಿದ್ದ ಹಾಡಿನಿಂದಾಗಿ ಸೋನಿ ಬಿಡುಗಡೆಯನ್ನೇ ಮುಂದೂಡಿತು. ಹಾಡನ್ನು ಮಾಡಿದವರು ಮಾಲಿ ದೇಶದ ತುಮಾನಿ ಜಬಾತೆ, ಸ್ವತಃ ಮುಸ್ಲಿಮರು. ಅಲ್ಲಿ ಅಗೌರವ ಎಲ್ಲಿತ್ತು ಎಂದು ಕೇಳುವುದು ತಪ್ಪಾಗಲಾರದು.

ಇಷ್ಟೆಲ್ಲ ಎಚ್ಚರದ ನಡುವೆ ಬಹಳ ಜನರ ಗಮನ ತಪ್ಪಿಸಿಕೊಂಡು ಹೋಗುವುದು ಜೂಜು. ಕುರ್‌ಆನಿನ 5ನೇ ಅಧ್ಯಾಯ ಮದ್ಯವನ್ನೂ ಜೂಜನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸುತ್ತದೆ. ಫುಟ್‌ಬಾಲ್ ಗೇಮ್‌ಗಳ ಪ್ಯಾಕ್, ಶೂಟಿಂಗ್ ಗೇಮ್‌ಗಳ ಪೆಟ್ಟಿಗೆ ಇವೆಲ್ಲ ಒಳಗೇನಿದೆ ಎಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವಂಥವು. 2018ರಲ್ಲಿ ಬೆಲ್ಜಿಯಂ ಇವನ್ನು ಜೂಜಿನ ಕಾನೂನಿನಡಿ ತಂದಿತು. ಪಬ್ಜಿಯ ಭಾರತೀಯ ಆವೃತ್ತಿಯಾದ ಬಿಜಿಎಂಐ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ ಆಟ, 7,000 ರೂಪಾಯಿ ಖರ್ಚು ಎಂಬ ಮಿತಿ ಹಾಕಿತು. ದಿನಕ್ಕೆ ಏಳು ಸಾವಿರ ಯಾವ ಹುಡುಗನ ಕೈಯಲ್ಲಿರುತ್ತದೋ! ಮೂರ್ತಿ ಕಂಡೊಡನೆ ಗೇಮ್ ಅಳಿಸಿ ಹಾಕುವ ಯುವಕ ಪ್ಯಾಕ್ ತೆರೆಯುವಾಗ ಅಳುಕದಿರುವುದು ನಿಜಕ್ಕೂ ಚಿಂತೆಯ ವಿಷಯ. ಮೂರ್ತಿಯ ಮುಂದೆ ನಿಯ್ಯತ್ತಿನ ಮಾತಾದರೂ ಇತ್ತು. ಇಲ್ಲಿ ಹೋಗುವುದು ನಿಜವಾದ ದುಡ್ಡು.

ಉಳಿದದ್ದು ಹೊತ್ತಿನ ಪ್ರಶ್ನೆ. ಒಬ್ಬನೇ ಆಡುವ ಗೇಮನ್ನು ನಮಾಝಿನ ಬಾಂಗ್ ಕೇಳಿದೊಡನೆ ನಿಲ್ಲಿಸಬಹುದು, ಆನ್‌ಲೈನ್ ಪಂದ್ಯವನ್ನು ನಿಲ್ಲಿಸಲಾಗದು. ನಾಲ್ವರ ತಂಡದಲ್ಲಿ ಒಬ್ಬ ಎದ್ದು ಹೋದರೆ ಮೂವರು ಸೋಲುತ್ತಾರೆ. ಬಿಜಿಎಂಐ ಪಂದ್ಯ ಕೊನೆಯವರೆಗೆ ಹೋದರೆ ಅರ್ಧ ಗಂಟೆ ಹಿಡಿಯುತ್ತದೆ. ಮಂಗಳೂರು, ಭಟ್ಕಳಗಳಲ್ಲಿ ಸಂಜೆಯ ಮಗ್ರಿಬ್ ನಮಾಝಿನ ಅವಧಿ ಇರುವುದೇ ಒಂದು ಗಂಟೆಗಿಂತ ತುಸು ಹೆಚ್ಚು. ಅದಕ್ಕೇ ರಾತ್ರಿಯ ಇಶಾ ನಮಾಝ್ ಮುಗಿಸಿ ಆಡಲು ಕೂರುವುದು ಅನುಕೂಲವೆನಿಸುತ್ತದೆ. ಆಗ ಕಷ್ಟವೆಲ್ಲ ಮುಂಜಾನೆಯ ಫಜ್ರ್‌ಗೆ ವರ್ಗವಾಗುತ್ತದೆ.