ಪಾದರಕ್ಷೆ, ಹೊಸ್ತಿಲು ಮತ್ತು ಅತಿಥಿಯ ಶಿಷ್ಟಾಚಾರ

ರೋಗಿಯನ್ನು ವಿಚಾರಿಸಲು, ಮದುವೆಗೆ ಆಹ್ವಾನಿಸಲು, ಮರಣ ಸಂಭವಿಸಿದ ಮನೆಯಲ್ಲಿ ಸಾಂತ್ವನ ಹೇಳಲು, ಈದ್ ದಿನ ಬಂಧುಗಳನ್ನು ಕಾಣಲು ನಾವು ಇತರರ ಮನೆಯ ಹೊಸ್ತಿಲು ದಾಟುತ್ತೇವೆ. ಹಾಗೆ ದಾಟುವಾಗ ಸಲಾಮ್ ಹೇಳಬೇಕೆಂದು ಮಕ್ಕಳಿಗೆ ಚಿಕ್ಕಂದಿನಲ್ಲಿಯೇ ಕಲಿಸುತ್ತೇವೆ. ಆದರೆ ಸಲಾಮ್ ಹೇಳುವುದಕ್ಕೂ ಒಳಗೆ ಹೋಗಿ ಕುಳಿತುಕೊಳ್ಳುವುದಕ್ಕೂ ನಡುವಿನ ಒಂದು ಚಿಕ್ಕ ಕೆಲಸದ ಬಗ್ಗೆ, ಅಂದರೆ ಪಾದರಕ್ಷೆ ಕಳಚುವುದರ ಬಗ್ಗೆ, ನಾವು ಅಷ್ಟಾಗಿ ಯೋಚಿಸುವುದಿಲ್ಲ. ಅದನ್ನು ನೆಲದ ಸ್ವಚ್ಛತೆಯ ವಿಷಯವೆಂದು ಬಿಟ್ಟುಬಿಡುತ್ತೇವೆ. ಸ್ವಚ್ಛತೆ ಅದರ ಒಂದು ಭಾಗ ಮಾತ್ರ. ಈ ಮನೆ ಯಾರದು, ಇಲ್ಲಿ ಯಾರ ಮಾತು ನಡೆಯಬೇಕು ಎಂಬುದನ್ನು ಅತಿಥಿಯು ಬಾಯಿ ತೆರೆಯದೆ ಒಪ್ಪಿಕೊಳ್ಳುವ ಕ್ರಮವೂ ಅದೇ ಆಗಿದೆ.

ನಾವು ವಾಸಿಸುವ ಸಂತೆಕಟ್ಟೆಯು ಉಡುಪಿ ನಗರದ ಉತ್ತರಕ್ಕೆ, ಕಲ್ಯಾಣಪುರಕ್ಕೆ ತಾಗಿಕೊಂಡು, ರಾಷ್ಟ್ರೀಯ ಹೆದ್ದಾರಿ 66ರ ಮೇಲಿದೆ. ಹಿಂದೂ, ಮುಸ್ಲಿಮ್, ಕ್ರೈಸ್ತರ ಮನೆಗಳು ಒಂದೇ ಆವರಣ ಗೋಡೆಯನ್ನು ಹಂಚಿಕೊಂಡಿರುವ ಊರು ಇದು. ಕೆಂಪು ಮಣ್ಣು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ. ಹೆದ್ದಾರಿಯಲ್ಲಿ ಅಂಡರ್‌ಪಾಸ್ ಕಾಮಗಾರಿ ನಡೆದ ಮಳೆಗಾಲದಲ್ಲಂತೂ ಅಂಗಡಿಗೆ ಹೋಗಿ ಬಂದವರ ಕಾಲು ಮೊಣಕಾಲಿನ ತನಕ ಕೆಸರಾಗುತ್ತಿತ್ತು. ಹಳೆಯ ಹಂಚಿನ ಮನೆಗಳ ಜಗಲಿಯ ಮೆಟ್ಟಿಲ ಬಳಿ ನೀರು ತುಂಬಿದ ಪಾತ್ರೆ ಮತ್ತು ಚೆಂಬು ಇರುತ್ತಿದ್ದವು. ಬಂದವರು ಕಾಲು ತೊಳೆದು ಮೇಲೆ ಬರುತ್ತಿದ್ದರು, ಮನೆಯವರು ಬೆಲ್ಲ ಮತ್ತು ನೀರು ಕೊಟ್ಟು ಉಪಚರಿಸುತ್ತಿದ್ದರು. ಇಂದು ಜಗಲಿ ಸಿಟೌಟ್ ಆಗಿದೆ, ಕಾವಿ ನೆಲದ ಜಾಗಕ್ಕೆ ಟೈಲ್ಸ್ ಬಂದಿದೆ. ಆದರೆ ಚಪ್ಪಲಿ ಹೊರಗೇ ಉಳಿಯುವ ರೂಢಿ ಬದಲಾಗಿಲ್ಲ. ಕ್ರಿಸ್ಮಸ್‌ಗೆ ಕುಸ್ವಾರ್ ಕೊಡಲು ನಮ್ಮ ಮನೆಗೆ ಬರುವ ನೆರೆಯವರೂ, ಈದ್‌ಗೆ ಅವರ ಮನೆಗೆ ತಿಂಡಿ ಒಯ್ಯುವ ನಮ್ಮ ಮಕ್ಕಳೂ ಇದನ್ನು ಸಮಾನವಾಗಿ ಪಾಲಿಸುತ್ತಾರೆ.

ಈ ರೂಢಿಯನ್ನು ಧರ್ಮದ ಬೆಳಕಿನಲ್ಲಿ ಅರಿಯಬೇಕಾದರೆ ಮೊದಲು ಅನುಮತಿಯ ವಿಷಯವನ್ನು ನೋಡಬೇಕು. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 27 ಮತ್ತು 28ನೇ ಸೂಕ್ತಗಳು ಇತರರ ಮನೆಯನ್ನು ಅನುಮತಿ ಪಡೆಯದೆ, ಮನೆಯವರಿಗೆ ಸಲಾಮ್ ಹೇಳದೆ ಪ್ರವೇಶಿಸಬಾರದೆಂದು ಆದೇಶಿಸುತ್ತವೆ. ಹಿಂದಿರುಗಿ ಎಂದು ಹೇಳಿದರೆ ಮುನಿಸಿಕೊಳ್ಳದೆ ಹಿಂದಿರುಗುವುದೇ ಹೆಚ್ಚು ಪರಿಶುದ್ಧವೆಂದೂ ತಿಳಿಸುತ್ತವೆ. ಪ್ರವಾದಿ ಮುಹಮ್ಮದ್(ಸ) ಅವರು ಯಾರದಾದರೂ ಮನೆಗೆ ಹೋದಾಗ ಬಾಗಿಲಿಗೆ ನೇರವಾಗಿ ನಿಲ್ಲದೆ ಬಲಕ್ಕೋ ಎಡಕ್ಕೋ ಸರಿದು ನಿಲ್ಲುತ್ತಿದ್ದರು. ಮತ್ತೊಬ್ಬರ ಅಧಿಕಾರವಿರುವಲ್ಲಿ ಅವರ ಅನುಮತಿಯಿಲ್ಲದೆ ಇಮಾಮತ್ ವಹಿಸಬಾರದು, ಮನೆಯೊಡೆಯನ ಗೌರವದ ಆಸನದಲ್ಲಿ ಅವನ ಒಪ್ಪಿಗೆಯಿಲ್ಲದೆ ಕೂರಬಾರದು ಎಂಬ ಅವರ ಬೋಧನೆಯೂ ಇದೆ. ಕಣ್ಣು ಎಲ್ಲಿಗೆ ಹೋಗಬೇಕು, ದೇಹ ಎಲ್ಲಿ ಕೂರಬೇಕು ಎಂಬುದನ್ನು ಮನೆಯವರ ಇಚ್ಛೆಗೆ ಒಪ್ಪಿಸಿದ ಮೇಲೆ, ಪಾದ ಹೇಗೆ ಒಳಬರಬೇಕು ಎಂಬುದನ್ನೂ ಅವರಿಗೇ ಒಪ್ಪಿಸುವುದು ಸಹಜ.

ಪಾದರಕ್ಷೆಯನ್ನೇ ಇಸ್ಲಾಮ್ ಅಶುದ್ಧವೆಂದು ಪರಿಗಣಿಸಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಪ್ರವಾದಿ(ಸ) ಅವರು ಪಾದರಕ್ಷೆ ಧರಿಸಿಯೇ ನಮಾಝ್ ಮಾಡಿದ್ದುಂಟು. ಅಬೂದಾವೂದ್ ಗ್ರಂಥದಲ್ಲಿ ವರದಿಯಾದ ಪ್ರಸಂಗವೊಂದು ಹೀಗಿದೆ: ಅವರು ನಮಾಝ್‌ನ ನಡುವೆಯೇ ಪಾದರಕ್ಷೆ ಕಳಚಿ ಎಡಬದಿಗೆ ಇಟ್ಟರು. ಹಿಂದೆ ನಿಂತಿದ್ದ ಸಹಾಬಿಗಳೂ ಹಾಗೆಯೇ ಮಾಡಿದರು. ನಮಾಝ್ ಮುಗಿದ ಮೇಲೆ ಪ್ರವಾದಿ(ಸ) ಅವರು ಕಾರಣ ಕೇಳಿದರು. ತಮ್ಮನ್ನು ನೋಡಿ ಅನುಸರಿಸಿದೆವೆಂದು ಅವರು ಉತ್ತರಿಸಿದರು. ಪಾದರಕ್ಷೆಯಲ್ಲಿ ಹೊಲಸು ಇದೆಯೆಂದು ಜಿಬ್ರೀಲ್(ಅ) ತಿಳಿಸಿದ್ದರಿಂದ ಕಳಚಿದ್ದಾಗಿ ಪ್ರವಾದಿ(ಸ) ಅವರು ವಿವರಿಸಿದರು. ಮಸೀದಿಗೆ ಬರುವವರು ತಮ್ಮ ಪಾದರಕ್ಷೆಯನ್ನು ನೋಡಿಕೊಳ್ಳಲಿ, ಹೊಲಸು ಕಂಡರೆ ಒರೆಸಿ, ನಂತರ ಅದರಲ್ಲೇ ನಮಾಝ್ ಮಾಡಲಿ ಎಂದು ಕಲಿಸಿದರು. ಮಸೀದಿಯ ನೆಲ ಮರಳು, ಕಿರುಗಲ್ಲುಗಳಿಂದ ಕೂಡಿದ್ದ ಕಾಲವದು. ಇಂದು ಮಸೀದಿಗಳಲ್ಲಿ ಜಮಖಾನೆ ಹಾಸಿರುವುದರಿಂದ ನಾವು ಹೊರಗೆ ಬಿಡುತ್ತೇವೆ. ಮತ್ತೊಂದೆಡೆ, ತ್ವುವಾ ಕಣಿವೆಯಲ್ಲಿ ಪಾದರಕ್ಷೆ ಕಳಚುವಂತೆ ಮೂಸಾ(ಅ) ಅವರಿಗೆ ಅಲ್ಲಾಹನು ಆಜ್ಞಾಪಿಸಿದ್ದನ್ನು ತ್ವಾಹಾ ಅಧ್ಯಾಯವು ತಿಳಿಸುತ್ತದೆ. ಕಳಚುವುದೂ ಧರಿಸುವುದೂ ಸ್ಥಳದ ಮರ್ಯಾದೆಗೆ ತಕ್ಕಂತೆ ನಿರ್ಣಯವಾಗುತ್ತದೆ. ಮನೆಯ ಮರ್ಯಾದೆಯನ್ನು ನಿರ್ಣಯಿಸುವ ಹಕ್ಕು ಮನೆಯವರದು.

ಈ ಹಕ್ಕಿನ ವಿಷಯ ಎಷ್ಟು ಗಂಭೀರವಾಗಬಲ್ಲುದು ಎಂಬುದಕ್ಕೆ ಬರ್ಮಾದ ಇತಿಹಾಸವೇ ಸಾಕ್ಷಿ. ಮಂಡಾಲೆಯಲ್ಲಿ ರಾಜ ಮಿಂಡೊನ್‌ನ ದರ್ಶನಕ್ಕೆ ಬರುವ ಬ್ರಿಟಿಷ್ ಪ್ರತಿನಿಧಿಗಳು ಆ ನಾಡಿನ ಪದ್ಧತಿಯಂತೆ ಬೂಟು ಕಳಚಿ ನೆಲದ ಮೇಲೆ ಕೂರುತ್ತಿದ್ದರು. 1875ರ ನಂತರ ಬ್ರಿಟಿಷ್ ಇಂಡಿಯಾ ಸರಕಾರವು ತನ್ನ ಪ್ರತಿನಿಧಿ ಇನ್ನು ಬೂಟು ಕಳಚುವುದಿಲ್ಲವೆಂದು ನಿಶ್ಚಯಿಸಿತು. ರಾಜನು ಪದ್ಧತಿಯನ್ನು ಬಿಡಲೊಪ್ಪಲಿಲ್ಲ, ಭೇಟಿಗಳೇ ನಿಂತುಹೋದವು. 1885ರಲ್ಲಿ ಯುದ್ಧ ನಡೆದು ಆ ರಾಜ್ಯವೇ ಇಲ್ಲವಾಯಿತು. ಯುದ್ಧಕ್ಕೆ ಬೇರೆ ಕಾರಣಗಳಿದ್ದವು. ಆದರೂ ಬೂಟಿನೊಂದಿಗೆ ಒಳಗೆ ನುಗ್ಗುವ ಹಟದ ಹಿಂದೆ, ಈ ಮನೆ ನಿನ್ನದಲ್ಲ ಎಂಬ ಭಾವವಿತ್ತೆಂದು ಇತಿಹಾಸವನ್ನು ಓದಿದವರಿಗೆ ಅನಿಸದಿರದು.

ಆದರೆ ಮನೆಯವರ ಹಕ್ಕು ಅಹಂಕಾರವಾಗಿ ತಿರುಗುವ ಅಪಾಯವೂ ಇದೆ. ನಮ್ಮ ನಾಡಿನ ಅನೇಕ ಹಳ್ಳಿಗಳಲ್ಲಿ ದಲಿತರು ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯಬಾರದೆಂಬ ಕಟ್ಟುಪಾಡು ಇತ್ತು. ದೌರ್ಜನ್ಯ ತಡೆಗಾಗಿ 1989ರಲ್ಲಿ ಬಂದ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಪಾದರಕ್ಷೆ ಧರಿಸದಂತೆ ಅವರನ್ನು ತಡೆಯುವುದನ್ನು ಅಪರಾಧವೆಂದು ಹೆಸರಿಸಬೇಕಾಯಿತು. ಒಬ್ಬರಿಗೆ ಮಾತ್ರ ಅನ್ವಯವಾಗುವ ನಿಯಮವು ಶಿಷ್ಟಾಚಾರವಾಗಲಾರದು, ಅದು ಅವಮಾನ. ಈ ಅಳತೆಗೋಲಿನಿಂದ ನಮ್ಮ ಮನೆಗಳನ್ನೂ ಅಳೆದು ನೋಡಬೇಕು. ಬೂಟು ತೊಟ್ಟು ಬಂದ ಅಧಿಕಾರಿಗೆ ‘ಪರವಾಗಿಲ್ಲ ಸರ್, ಹಾಗೆಯೇ ಬನ್ನಿ’ ಎನ್ನುವವರು, ಹೆಗಲ ಮೇಲೆ ಗ್ಯಾಸ್ ಸಿಲಿಂಡರ್ ಹೊತ್ತು ಬಂದವನಿಗೆ ‘ಚಪ್ಪಲಿ, ಚಪ್ಪಲಿ’ ಎಂದು ಗದರುವುದನ್ನು ಕಾಣುತ್ತೇವೆ. ಹೆಗಲ ಮೇಲಿನ ಭಾರದೊಂದಿಗೆ ಅವನು ಬಗ್ಗುವುದಾದರೂ ಹೇಗೆ? ಮಳೆಗಾಲದ ತೇವದ ನೆಲದಲ್ಲಿ ವಿದ್ಯುತ್ ಕೆಲಸ ಮಾಡುವವನಿಗೆ ಕಾಲಿನ ಬೂಟು ಪ್ರಾಣರಕ್ಷಣೆಯ ಸಾಧನ. ಅಂಥವರಿಗಾಗಿ ಒಂದು ಹಳೆಯ ಗೋಣಿಯನ್ನೋ ಬಟ್ಟೆಯನ್ನೋ ಹಾಸಿದರೆ ಸಾಕು. ನೆಲವನ್ನು ಮತ್ತೆ ಒರೆಸಬಹುದು. ಮನಸ್ಸಿಗೆ ಆದ ನೋವನ್ನು ಒರೆಸುವುದು ಸುಲಭವಲ್ಲ.

ನಮ್ಮ ನೆರೆಯಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದರು. ಅವರನ್ನು ನಾವೆಲ್ಲರೂ ‘ಟೀಚರ್’ ಎಂದೇ ಕರೆಯುತ್ತಿದ್ದೆವು. ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ಅವರ ಪಾದಗಳು ಸ್ಪರ್ಶಜ್ಞಾನ ಕಳೆದುಕೊಂಡಿದ್ದವು. ಇಂಥವರಿಗೆ ಕಾಲಿಗೆ ಏನಾದರೂ ಚುಚ್ಚಿದರೂ ತಿಳಿಯದು, ಸಣ್ಣ ಗಾಯವೂ ದೊಡ್ಡ ಹುಣ್ಣಾಗಬಹುದು. ಆದ್ದರಿಂದಲೇ ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬಾರದೆಂದು ವೈದ್ಯರು ಸೂಚಿಸಿ, ಮೆತ್ತನೆಯ ವಿಶೇಷ ಚಪ್ಪಲಿ ಬರೆದುಕೊಡುತ್ತಾರೆ. ನಮ್ಮ ಮನೆಯಲ್ಲಿ ಮರಣ ಸಂಭವಿಸಿದ ದಿನ ಟೀಚರ್ ಬಂದರು. ಜಗಲಿಯಲ್ಲಿ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿ ಅಲ್ಲಿಯೇ ನಿಂತರು. ಕಳಚುವಂತಿಲ್ಲ, ಧರಿಸಿ ಒಳಬರಲು ಅವರ ಸಂಸ್ಕಾರ ಒಪ್ಪುವುದಿಲ್ಲ. ಉಮ್ಮ ಒಳಗಿನಿಂದ ಒದ್ದೆ ಬಟ್ಟೆ ತಂದು, ತಾವೇ ಕೆಳಗೆ ಕುಳಿತು ಆ ಚಪ್ಪಲಿಯ ಅಡಿಗಳನ್ನು ಒರೆಸಿ, ‘ನಿಮ್ಮ ಕಾಲಿಗಿಂತ ನಮ್ಮ ನೆಲ ದೊಡ್ಡದಲ್ಲ ಟೀಚರ್, ಬನ್ನಿ’ ಎಂದರು. ಟೀಚರ್ ಉಮ್ಮನ ಕೈ ಹಿಡಿದುಕೊಂಡೇ ಒಳಗೆ ಬಂದರು. ಉಮ್ಮ ಗ್ರಂಥಗಳನ್ನು ಓದಿದವರಲ್ಲ. ಆದರೆ ಒರೆಸಿದರೆ ಸಾಕು ಎಂಬ ಪ್ರವಾದಿ(ಸ) ಅವರ ಬೋಧನೆಯ ಸಾರವು ಅವರ ಆ ನಡೆಯಲ್ಲಿತ್ತು.

ಹೀಗೆ ಈ ಶಿಷ್ಟಾಚಾರಕ್ಕೆ ಎರಡು ಬದಿಗಳಿವೆ. ಅತಿಥಿಯು ಹೇಳಿಸಿಕೊಳ್ಳದೆ ಕಳಚಬೇಕು. ಕಳಚಿದ್ದನ್ನು ದಾರಿಗೆ ಅಡ್ಡವಾಗದಂತೆ ಬದಿಗೆ ಜೋಡಿಸಿಡಬೇಕು; ಕಳಚಿದ ಪಾದರಕ್ಷೆಯಿಂದ ಯಾರಿಗೂ ತೊಂದರೆಯಾಗಬಾರದೆಂದು ಹದೀಸ್‌ನಲ್ಲೂ ಇದೆ. ಧರಿಸುವಾಗ ಬಲಗಾಲು ಮೊದಲು, ಕಳಚುವಾಗ ಎಡಗಾಲು ಮೊದಲು ಎಂಬ ಸುನ್ನತ್ತನ್ನು ಮಕ್ಕಳಿಗೆ ಕಲಿಸಬೇಕು. ಆತಿಥೇಯನಾದರೋ ಬಗ್ಗಲಾಗದ ವೃದ್ಧರಿಗೆ ಬಾಗಿಲ ಬಳಿ ಒಂದು ಕುರ್ಚಿ ಇಡಬೇಕು, ಬರಿಗಾಲಿನಲ್ಲಿ ನಡೆಯಬಾರದವರಿಗೆ ತೊಳೆದ ಒಂದು ಜೊತೆ ಚಪ್ಪಲಿ ಒಳಗೆ ಇಟ್ಟುಕೊಂಡಿರಬೇಕು. ಹರಿದ ಕಾಲುಚೀಲ, ಬಿರುಕುಬಿಟ್ಟ ಹಿಮ್ಮಡಿ ಕಂಡಾಗ ದೃಷ್ಟಿ ತಗ್ಗಿಸಬೇಕು. ಸಾವಿನ ಮನೆಯಲ್ಲಿ ನೂರಾರು ಚಪ್ಪಲಿಗಳು ಒಂದರ ಮೇಲೊಂದು ಬಿದ್ದು, ಜನಾಝಾ ಹೊರತರುವವರ ಕಾಲಿಗೆ ತೊಡರುವುದನ್ನು ನಾವು ನೋಡಿದ್ದೇವೆ. ಅವುಗಳನ್ನು ಸರಿಸಿ ಜೋಡಿಸಲು ಯುವಕರು ಸಂಕೋಚಪಡಬೇಕಾಗಿಲ್ಲ. ಮಹಾ ವಿದ್ವಾಂಸರಾದ ಅಬ್ದುಲ್ಲಾ ಇಬ್ನು ಮಸ್‌ಊದ್(ರ) ಅವರು ಪ್ರವಾದಿ(ಸ) ಅವರ ಪಾದರಕ್ಷೆಗಳನ್ನು ನೋಡಿಕೊಳ್ಳುತ್ತಿದ್ದವರೆಂದೇ ಹೆಸರಾಗಿದ್ದರು.

ಚಪ್ಪಲಿಯೊಂದಿಗೆ ನಮ್ಮ ದೊಡ್ಡಸ್ತಿಕೆಯನ್ನೂ ಹೊರಗೆ ಬಿಟ್ಟು ಇತರರ ಮನೆಯನ್ನು ಪ್ರವೇಶಿಸುವ, ನಮ್ಮ ಮನೆಗೆ ಬಂದವರನ್ನು ಅವರ ಕಾಲಿನಲ್ಲಿ ಏನಿದೆ ಎಂದು ನೋಡುವ ಮೊದಲು ಮುಖ ನೋಡಿ ಸ್ವಾಗತಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.