ಕಿರುಹೆಸರಿನ ವ್ಯಾಪಾರ

ಲೋಕವ್ಯವಹಾರವು ನಾಮ ರೂಪಗಳೆರಡನ್ನೂ ಅವಲಂಬಿಸಿ ನಡೆಯುವದು. ಇವುಗಳಲ್ಲಿ ರೂಪವುಳ್ಳ ವಸ್ತುಗಳನ್ನು ಕೊಳ್ಳುವದೂ ಮಾರುವದೂ ಬಹು ಹಳೆಯ ಮಾತು. ಹೊಲ, ಮನೆ, ಎತ್ತು, ಬಂಗಾರ ಇವೆಲ್ಲ ಆ ಬಗೆಯವು. ಬರಿಯ ನಾಮವನ್ನೇ ಕೊಂಡು, ಕೆಲವು ಕಾಲ ಕಾದು, ಹೆಚ್ಚಿನ ಬೆಲೆಗೆ ಮಾರುವ ವ್ಯಾಪಾರವು ಮಾತ್ರ ಈಚಿನ ಮೂರು ದಶಕಗಳಲ್ಲಿ ಬೆಳೆದದ್ದು. ಅಂತರಜಾಲದಲ್ಲಿ ವಿಳಾಸವಾಗಿ ಉಪಯೋಗಿಸುವ ಈ ಹೆಸರುಗಳಿಗೆ ಡೊಮೇನ್ ಎನ್ನುವರು. ದೊಡ್ಡ ಪಟ್ಟಣಗಳ ಈ ವ್ಯಾಪಾರವು ಈಗ ಘಟಪ್ರಭೆಯ ಸೀಮೆಯ ಮನೆಗಳನ್ನೂ ಹೊಕ್ಕಿರುವದರಿಂದ, ಇದರ ಗುಣದೋಷಗಳನ್ನು ಗೃಹಸ್ಥರು ವಿಚಾರಿಸಿ ನೋಡುವದು ಯುಕ್ತವಾಗಿದೆ.

ಗಣಕಯಂತ್ರಗಳು ತಮ್ಮ ತಮ್ಮಲ್ಲಿ ಅಂಕೆಗಳಿಂದಲೇ ಗುರುತು ಹಿಡಿಯುವವು. ಅಂಕೆಗಳ ಉದ್ದವಾದ ಸಾಲು ಮನುಷ್ಯನ ನೆನಪಿನಲ್ಲಿ ನಿಲ್ಲದು. ಆದಕಾರಣ ಅಂಕೆಯ ಬದಲು ಹೆಸರನ್ನು ಬಳಸುವ ಪದ್ಧತಿಯನ್ನು ಅಮೇರಿಕೆಯ ಪಾಲ್ ಮೊಕಾಪೆಟ್ರಿಸ್ ಎಂಬ ವಿದ್ವಾಂಸರು 1983ರಲ್ಲಿ ರಚಿಸಿದರು. ‘ಡಾಟ್ ಕಾಮ್’ ಎಂಬ ಅಂತ್ಯಪದವುಳ್ಳ ಮೊದಲನೆಯ ಹೆಸರು 1985ನೆಯ ಮಾರ್ಚ್ 15ರಂದು ನೋಂದಣಿಯಾಯಿತು. 1995ರ ವರೆಗೆ ಇಂಥ ನೋಂದಣಿಗೆ ಶುಲ್ಕವೇ ಇರಲಿಲ್ಲ. ಆ ವರ್ಷ ಎರಡು ವರ್ಷಗಳಿಗೆ 100 ಡಾಲರಿನಂತೆ ಶುಲ್ಕವನ್ನು ಗೊತ್ತುಮಾಡಿದರು. ಭಾರತದ ‘ಡಾಟ್ ಇನ್’ 2005ರಲ್ಲಿ ಸರ್ವರಿಗೂ ಮುಕ್ತವಾಯಿತು. ಈಗ ಇಂಥ ಹೆಸರೊಂದಕ್ಕೆ ವರ್ಷಕ್ಕೆ ಕೆಲವು ನೂರು ರೂಪಾಯಿಗಳಿಂದ ಸಾವಿರದ ಆಸುಪಾಸಿನ ವರೆಗೆ ವೆಚ್ಚವಾಗುವದು. ಮೊದಲು ಬಂದವನಿಗೆ ಮೊದಲು ಎಂಬುದೇ ಇಲ್ಲಿಯ ನಿಯಮ.

ಇಲ್ಲಿ ‘ಕೊಳ್ಳುವದು’ ಎಂಬ ಮಾತು ಉಪಚಾರಕ್ಕೆ ಮಾತ್ರ. ಹೊಲವನ್ನು ಲಾವಣಿಗೆ ಹಿಡಿಯುವಂತೆ ಹೆಸರನ್ನು ವರ್ಷದ ಕರಾರಿನಿಂದ ಹಿಡಿಯುವರು. ಹತ್ತು ವರ್ಷಗಳಿಗಿಂತ ಹೆಚ್ಚಿನ ಅವಧಿಗೆ ಒಮ್ಮೆಗೇ ಹಿಡಿಯಲು ಬಾರದು. ಅವಧಿ ತೀರಿದ ಮೇಲೆ ಶುಲ್ಕವು ಸಲ್ಲದಿದ್ದರೆ, ಕೆಲವು ದಿನಗಳ ಸವಲತ್ತು ಕೊಟ್ಟು, ಆ ಹೆಸರನ್ನು ಮತ್ತೆ ಎಲ್ಲರ ಮುಂದೆ ಇಡುವರು. ಅಜ್ಜನು ಕೊಂಡ ಹೊಲ ಉತಾರದಲ್ಲಿ ಮೊಮ್ಮಗನ ಹೆಸರಿಗೆ ಬರುವದು; ಅಜ್ಜನು ಹಿಡಿದ ಡೊಮೇನ್ ಮಾತ್ರ ಒಂದು ವರ್ಷದ ಮರೆವಿನಿಂದ ಅನ್ಯರ ಪಾಲಾಗುವದು.

ಈ ಪೇಟೆಯಲ್ಲಿ ಚಿಕ್ಕ ಹೆಸರಿಗೆ ವಿಶೇಷ ಮರ್ಯಾದೆ. ಲಾಘವದ ಮೇಲಿನ ಈ ಪ್ರೀತಿಯು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆ ಹೊಸದಲ್ಲ. ಪಾಣಿನಿಯು ‘ಅಚ್’ ಎಂಬ ಒಂದು ಕಿರುಸಂಜ್ಞೆಯಲ್ಲಿ ಸ್ವರಗಳನ್ನೆಲ್ಲ ಅಡಗಿಸಿದನು; ‘ಹಲ್’ ಎಂಬುದರಲ್ಲಿ ವ್ಯಂಜನಗಳನ್ನೆಲ್ಲ ಅಡಗಿಸಿದನು. ಆದರೆ ಆ ಸಂಜ್ಞೆಗಳಿಗೆ ಬೆಲೆ ಬಂದದ್ದು ಅವು ಚಿಕ್ಕವೆಂದಲ್ಲ, ಅವುಗಳ ಹಿಂದೆ ಇಡಿಯ ಶಾಸ್ತ್ರವೊಂದು ನಿಂತಿದೆಯೆಂದು. ಡೊಮೇನಿನ ಪೇಟೆಯಲ್ಲಿ ಚಿಕ್ಕತನಕ್ಕೆ ಬೆಲೆ ಬರುವದು ಗಣಿತದಿಂದ. ರೋಮನ್ ಲಿಪಿಯ 26 ಅಕ್ಷರಗಳಿಂದ ಎರಡಕ್ಷರದ ಹೆಸರುಗಳು 676 ಮಾತ್ರ ಆಗುವವು, ಮೂರಕ್ಷರದವು 17,576, ನಾಲ್ಕಕ್ಷರದವು 4,56,976. ‘ಡಾಟ್ ಕಾಮ್’ನಲ್ಲಿ ಎರಡು ಮೂರು ಅಕ್ಷರಗಳವೆಲ್ಲ ಎಂದೋ ಯಾರ್ಯಾರದೋ ಕೈ ಸೇರಿವೆ. ವಿರಳವಾದದ್ದು ದುಬಾರಿಯಾಗುವದು ಸಹಜವೇ.

ಆದರೆ ವಿರಳತೆಯೊಂದೇ ಬೆಲೆಯನ್ನು ಎತ್ತಿ ಹಿಡಿಯಲಾರದು. 2015ರಲ್ಲಿ ಚೀನದೇಶದ ಹಣವು ಕಿರುಹೆಸರುಗಳ ಮೇಲೆ ಹರಿಯಿತು. ಚೀನೀ ಶಬ್ದಗಳ ಆದ್ಯಕ್ಷರಗಳಿಗೆ ಒಪ್ಪುವದೆಂದು, ಸ್ವರಾಕ್ಷರಗಳನ್ನೂ ‘ವಿ’ ಎಂಬ ಅಕ್ಷರವನ್ನೂ ಬಿಟ್ಟ ಹೆಸರುಗಳಿಗೆ ಅಧಿಕ ಬೆಲೆ ಕಟ್ಟಿದರು. ಸ್ವರವಿಲ್ಲದ ವ್ಯಂಜನವನ್ನು ನಾಲಿಗೆಯು ನುಡಿಯಲಾರದು; ಹೀಗಿದ್ದರೂ ನುಡಿಯಲಾಗದ ಆ ಹೆಸರುಗಳೇ ಕೈಯಿಂದ ಕೈಗೆ ಓಡಾಡಿದವು. ಮರುವರ್ಷವೇ ಅವುಗಳ ಬೆಲೆ ಇಳಿಯಿತು. ಇತ್ತ ‘ಬಿಸಿನೆಸ್ ಡಾಟ್ ಕಾಮ್’ 1999ರಲ್ಲಿ 75 ಲಕ್ಷ ಡಾಲರಿಗೂ, ‘ವಾಯ್ಸ್ ಡಾಟ್ ಕಾಮ್’ 2019ರಲ್ಲಿ 3 ಕೋಟಿ ಡಾಲರಿಗೂ ಮಾರಾಟವಾದವು. ಅವೆರಡೂ ಎಲ್ಲರ ಬಾಯಲ್ಲಿರುವ ಅರ್ಥವುಳ್ಳ ಶಬ್ದಗಳೆಂಬುದನ್ನು ವಾಚಕರು ಲಕ್ಷಿಸಬೇಕು.

ಇಂಥ ದೊಡ್ಡ ಅಂಕೆಗಳು ಹಳ್ಳಿಯ ತರುಣನ ಕಿವಿಗೆ ಬಿದ್ದಾಗ ಏನಾಗುವದೆಂಬುದಕ್ಕೆ ಹುಕ್ಕೇರಿ ತಾಲೂಕಿನ ಒಂದು ಒಕ್ಕಲು ಮನೆತನವೇ ಉದಾಹರಣೆ. ಬೆಂಗಳೂರಲ್ಲಿ ಎಂಜಿನಿಯರಿಂಗ್ ಓದಿ ಬಂದ ಹಿರಿಯ ಮಗನು ಕಬ್ಬಿನ ಬಿಲ್ಲು ಕೈಗೆ ಬಂದೊಡನೆ ಅದರಲ್ಲಿಯ ಒಂದು ಪಾಲನ್ನು ಹೆಸರುಗಳಲ್ಲಿ ಹೂಡಬೇಕೆಂದನು. ತಂದೆಯಿಲ್ಲದ ಆ ಮನೆಗೆ ಮೂಡಲಗಿಯಲ್ಲಿದ್ದ ಚಿಕ್ಕಪ್ಪನೇ ಹಿರಿಯನು. ತಂಗಿಯನ್ನು ನರ್ಸಿಂಗ್ ಕಾಲೇಜಿಗೆ ಸೇರಿಸಬೇಕಾದ ವರ್ಷವದು.

“ಕಾಕಾ, ಹೊಲಕ್ಕ ನೀರು ಬೇಕು, ಗೊಬ್ಬರ ಬೇಕು, ಆಳು ಬೇಕು. ಇದಕ್ಕ ಏನೂ ಬ್ಯಾಡ್ರಿ, ಹಿಡಕೊಂಡು ಕುಂತ್ರ ಸಾಕು,” ಎಂದನು ಹುಡುಗನು.

“ತಮ್ಮಾ, ಹೊಲ ಬೀಳು ಬಿಟ್ರ ದನಕ್ಕ ಹುಲ್ಲಾರ ಬೆಳೀತೈತಿ. ನಿನ್ನ ಹೆಸರು ಬೀಳು ಬಿದ್ರ ಏನ ಬೆಳೀತೈತಿ?” ಎಂದು ಚಿಕ್ಕಪ್ಪನು ಕೇಳಿದನು.

ಹುಡುಗನಲ್ಲಿ ಉತ್ತರವಿರಲಿಲ್ಲ, ಆದರೂ ಮನೆಯವರು ಅವನ ಮನಸ್ಸನ್ನು ಮುರಿಯಲಿಲ್ಲ. ಅವನು ನಲವತ್ತು ಹೆಸರುಗಳನ್ನು ಹಿಡಿದನು. ಹೆಚ್ಚಿನವು ಅರ್ಥವಿಲ್ಲದ ನಾಲ್ಕೈದು ಅಕ್ಷರಗಳ ಜೋಡಣೆಗಳು. ಮೊದಲನೆಯ ವರ್ಷ ಗಿರಾಕಿಯೇ ಬರಲಿಲ್ಲ. ಬಂದದ್ದು ಒಂದು ಪತ್ರ: ಹೆಸರನ್ನು ದೊಡ್ಡ ಬೆಲೆಗೆ ಕೊಳ್ಳುವೆವು, ಮೊದಲು ಅದರ ಮೌಲ್ಯಮಾಪನದ ಶುಲ್ಕವನ್ನು ಕಳುಹಿಸಿರಿ ಎಂದು. ಮೋಸಗಾರರ ಹಳೆಯ ಉಪಾಯವಿದು. ಹುಡುಗನು ಅದರಿಂದ ಪಾರಾದನು. ಆದರೆ ಜೂನ್ ತಿಂಗಳಲ್ಲಿ ತಂಗಿಯ ಶುಲ್ಕವೂ ನಲವತ್ತು ಹೆಸರುಗಳ ವರ್ಷದ ಬಾಡಿಗೆಯೂ ಒಟ್ಟಿಗೆ ಬಾಗಿಲಿಗೆ ಬಂದು ನಿಂತವು. ಬಾಡಿಗೆಯೇ ನಲವತ್ತು ಸಾವಿರದ ಹತ್ತಿರವಾಗಿತ್ತು. ಮೂರನ್ನು ಉಳಿಸಿ ಮೂವತ್ತೇಳನ್ನು ಅವನು ಬಿಟ್ಟುಕೊಟ್ಟನು; ತಂಗಿಯು ಕಾಲೇಜಿಗೆ ಹೋದಳು. ಮುಂದೆ ಎರಡು ತಿಂಗಳಿಗೆ ಬಿಟ್ಟ ಹೆಸರುಗಳಲ್ಲಿ ಒಂದನ್ನು ಅನ್ಯನೊಬ್ಬನು ಹಿಡಿದದ್ದನ್ನು ಕಂಡು ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಉಳಿಸಿದ ಮೂರರಲ್ಲಿ ಕಡೆಗೆ ಮಾರಾಟವಾದದ್ದು ಎಲ್ಲಕ್ಕಿಂತ ಉದ್ದವಾದ ಹೆಸರು. ಗೋಕಾಕದ ಮಿಠಾಯಿ ವ್ಯಾಪಾರಿಯೊಬ್ಬನು ತನ್ನ ಅಂಗಡಿಗೆ ಒಪ್ಪುವದೆಂದು ಕೆಲವು ಸಾವಿರ ಕೊಟ್ಟು ಅದನ್ನು ಒಯ್ದನು.

ಈ ಸೀಮೆಯ ಊರುಗಳ ಹೆಸರುಗಳನ್ನೇ ಹಿಡಿದರೆ ಹೇಗೆಂದು ಕೆಲವರು ಕೇಳುವರು. ಅಲ್ಲಿಯೂ ತೊಡಕುಂಟು. ಗೋಕಾಕವು ರೋಮನ್ ಲಿಪಿಯಲ್ಲಿ ಐದೇ ಅಕ್ಷರಗಳಲ್ಲಿ ಮುಗಿಯುವದು. ಮೂಡಲಗಿಯನ್ನು ಒಬ್ಬನು ‘ಯು’ ಹಾಕಿ ಬರೆದರೆ ಮತ್ತೊಬ್ಬನು ‘ಡಬಲ್ ಓ’ ಹಾಕುವನು. ನಡುವಣ ಲಕಾರದ ಮುಂದೆ ‘ಏ’ ಬೇಕೋ ಬೇಡವೋ ಎಂಬುದು ಬೇರೆ ವಾದ. ಹುಕ್ಕೇರಿಗೆ ಕಕಾರ ಒಂದೋ ಎರಡೋ ಎಂಬುದೂ ಹಾಗೆಯೇ. 1969ರಲ್ಲಿ ಹುಟ್ಟಿದ ಅಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಇಂಗ್ಲಿಷಿನಲ್ಲಿ ಒಂದೇ ಕಕಾರವನ್ನು ಬರೆಯುತ್ತ ಬಂದಿದೆ. ಇನ್ನು ಜಿಲ್ಲಾಸ್ಥಳದ ಇಂಗ್ಲಿಷ್ ಹೆಸರೇ 2014ನೆಯ ನವೆಂಬರ್ 1ರಂದು ಬೆಲ್ಗಾಮ್ ಎಂಬುದರಿಂದ ಬೆಳಗಾವಿ ಎಂಬುದಕ್ಕೆ ತಿರುಗಿತು. ಹಳೆಯ ಹೆಸರನ್ನು ಬೆಲೆಯೇರಲೆಂದು ಹಿಡಿದು ಕುಳಿತಿದ್ದವನ ಲೆಕ್ಕಾಚಾರವು ಸರಕಾರದ ಒಂದು ಅಪ್ಪಣೆಯಿಂದ ಬೇರೆಯಾಗದಿರದು. ಕನ್ನಡ ಲಿಪಿಯಲ್ಲಿಯೇ ಬರೆದು ‘ಭಾರತ’ ಎಂಬ ಅಂತ್ಯಪದವನ್ನು ಹಚ್ಚುವ ಅನುಕೂಲವೂ ಈಗ ಉಂಟು. ಅಲ್ಲಿ ಈ ತೊಡಕು ಬಹಳವಾಗಿ ಕಡಿಮೆಯಾಗುವದು.

ಅನ್ಯರ ಹೆಸರನ್ನು ಮುಂದಾಗಿ ಹಿಡಿದು ಅವರಿಗೇ ಮಾರುವ ಹಂಚಿಕೆಯಂತೂ ನ್ಯಾಯಸ್ಥಾನದ ಮುಂದೆ ನಿಲ್ಲದು. ಸತ್ಯಂ ಇನ್ಫೊವೇ ಕಂಪನಿಯು ತನ್ನ ಹೆಸರಿನ ತುಣುಕುಗಳನ್ನು ಕೂಡಿಸಿ ‘ಸಿಫಿ’ ಎಂಬ ನಾಲ್ಕಕ್ಷರದ ಹೊಸ ಶಬ್ದವನ್ನು ಕಟ್ಟಿ, 1999ರಲ್ಲಿ ‘ಸಿಫಿನೆಟ್’ ಮೊದಲಾದ ಡೊಮೇನ್‌ಗಳನ್ನು ನೋಂದಿಸಿತ್ತು. ಅನಂತರ ಇನ್ನೊಂದು ಕಂಪನಿಯು ಒಂದು ಅಕ್ಷರವನ್ನು ಇಮ್ಮಡಿಸಿ ಅದೇ ಉಚ್ಚಾರದ ಹೆಸರನ್ನು ಇಟ್ಟುಕೊಂಡಿತು. ತನ್ನ ಐವರು ಪ್ರವರ್ತಕರ ಆದ್ಯಕ್ಷರಗಳಿಂದ ಆ ಹೆಸರಾಯಿತೆಂದು ಸಮರ್ಥಿಸಿತು. ವ್ಯಾಜ್ಯವು ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯದಲ್ಲಿ ಮೊದಲಾಗಿ, ಕರ್ನಾಟಕದ ಹೈಕೋರ್ಟನ್ನು ದಾಟಿ, ಸುಪ್ರೀಂ ಕೋರ್ಟಿಗೆ ಮುಟ್ಟಿತು. ಡೊಮೇನ್ ಹೆಸರಿಗೂ ವ್ಯಾಪಾರಚಿಹ್ನೆಯಂತೆಯೇ ರಕ್ಷಣೆ ಸಲ್ಲುವದೆಂದು ಆ ನ್ಯಾಯಾಲಯವು 2004ರಲ್ಲಿ ನಿರ್ಣಯಿಸಿ, ಮೊದಲನೆಯ ಕಂಪನಿಯ ಪಕ್ಷವನ್ನು ಎತ್ತಿಹಿಡಿಯಿತು. ‘ಡಾಟ್ ಇನ್’ ವಿವಾದಗಳ ನಿಯಮದಲ್ಲಿಯೂ, ನಿಜವಾದ ಒಡೆಯನಿಗೇ ಮಾರಬೇಕೆಂಬ ಉದ್ದೇಶದಿಂದ ಹಿಡಿದ ಹೆಸರನ್ನು ದುರುದ್ದೇಶದ್ದೆಂದು ಎಣಿಸುವರು.

ಹಾಗಾದರೆ ಹೆಸರಿನ ಮೇಲೆ ಅಧಿಕಾರ ಹುಟ್ಟುವದು ಎಲ್ಲಿಂದ? ಶಬ್ದಾರ್ಥಗಳ ಸಂಬಂಧವು ನಿತ್ಯವೆಂದು ಮೀಮಾಂಸಕರು ಹೇಳಿದರು; ಅದು ಸಂಕೇತದಿಂದ ಬಂದದ್ದೆಂದು ನೈಯಾಯಿಕರು ವಾದಿಸಿದರು. ಡೊಮೇನಿನ ವಿಷಯದಲ್ಲಿ ನೈಯಾಯಿಕರೇ ಗೆದ್ದಂತೆ ಕಾಣುವದು. ಆದರೆ ಆ ಸಂಕೇತವನ್ನು ಜನರ ಮನಸ್ಸಿನಲ್ಲಿ ನಿಲ್ಲಿಸುವದು ಒಬ್ಬನ ಶುಲ್ಕದಿಂದ ಆಗತಕ್ಕ ಕೆಲಸವಲ್ಲ. ಅದಕ್ಕೆ ಬಹುಕಾಲದ ವ್ಯವಹಾರ ಬೇಕು.

ಆದ್ದರಿಂದ ತನ್ನ ಅಂಗಡಿ, ತನ್ನ ಗಾಣ, ತನ್ನ ಸಂಘಗಳಿಗೆ ಒಂದು ಒಳ್ಳೆಯ ಹೆಸರನ್ನು ಇಂದೇ ಹಿಡಿದಿಟ್ಟುಕೊಳ್ಳುವದು ವಿವೇಕದ ಕೆಲಸ; ಅದರ ವೆಚ್ಚ ಅಲ್ಪ, ಪ್ರಯೋಜನ ದೊಡ್ಡದು. ಮಾರುವದಕ್ಕೇ ಹಿಡಿಯುವವನು ಕಳೆದರೂ ಮನೆ ನಡೆಯುವಷ್ಟು ಹಣವನ್ನೇ ಹಾಕತಕ್ಕದ್ದು. ಮಕ್ಕಳ ವಿದ್ಯೆಗೆ ಮೀಸಲಾದ ಹಣವನ್ನು ಮುಟ್ಟತಕ್ಕದ್ದಲ್ಲ. ಗೋಕಾಕವೆಂದೊಡನೆ ಒಬ್ಬನಿಗೆ ಘಟಪ್ರಭೆಯ ಜಲಪಾತ ನೆನಪಾಗುವದು; ಒಬ್ಬನಿಗೆ 1885ರಲ್ಲಿ ಸ್ಥಾಪಿತವಾದ ಗಿರಣಿ, ಒಬ್ಬನಿಗೆ 1982ರ ಕನ್ನಡ ಚಳವಳಿ, ಮಕ್ಕಳಿಗೆ ಕರದಂಟು. ನದಿಯೂ ನೂಲುವವರೂ ನುಡಿಗಾಗಿ ಬೀದಿಗಿಳಿದವರೂ ಒಲೆಯ ಮುಂದೆ ಅಂಟು ಕರಿದವರೂ ಕೂಡಿ ಆ ಐದು ಅಕ್ಷರಗಳಿಗೆ ಬೆಲೆ ತಂದರು. ಅವರಲ್ಲಿ ಯಾರೂ ಆ ಹೆಸರನ್ನು ಮಾರುವದಕ್ಕೆ ಇಟ್ಟವರಲ್ಲ.